ಎರಡನೇ ಲೈನ್ ಯಾವುದಿರಲಿ? ಉತ್ತರ ಕನ್ನಡದ ಮನೆ ವ್ಯಾಪಾರಕ್ಕೊಂದು ಮಳೆಗಾಲದ ಹೋಲಿಕೆ

ಎರಡು ಇಂಟರ್‌ನೆಟ್ ಲೈನ್ ಹಾಕಿಸಿದ ಮನೆಯಲ್ಲೂ ಜುಲೈ ತಿಂಗಳ ಗಾಳಿಮಳೆಗೆ ಎರಡೂ ಒಟ್ಟಿಗೇ ಮಲಗುವುದುಂಟು. ಶಿರಸಿಯಲ್ಲಿ ಅಪ್ಪೆಮಿಡಿ, ಜೋನಿಬೆಲ್ಲ ಮಾರುವವರಿಗೂ ಕುಮಟಾದಲ್ಲಿ ಮುರುಗಲು ಸಿಪ್ಪೆ ಕಳಿಸುವವರಿಗೂ ಕಾರವಾರದಲ್ಲಿ ಒಣಮೀನಿನ ಆರ್ಡರ್ ಹಿಡಿಯುವವರಿಗೂ ಇದು ಹೊಸದಲ್ಲ. ತಿಂಗಳಿಗೆ ಎರಡು ಬಿಲ್ ಕಟ್ಟಿಯೂ ಗಿರಾಕಿಗೆ ಉತ್ತರ ಕೊಡಲಾಗದ ಪರಿಸ್ಥಿತಿ. ಎಡವುವುದು ಆರಿಸುವ ಹೊತ್ತಿನಲ್ಲೇ. ವೇಗ ಎಷ್ಟು, ದರ ಎಷ್ಟು ಎಂದು ಕೇಳಿ ಎರಡನೇ ಲೈನ್ ತರುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಮೊದಲ ಲೈನ್ ಯಾವ ಕಾರಣಕ್ಕೆ ಬೀಳುತ್ತದೋ, ಅದೇ ಕಾರಣಕ್ಕೆ ಇದೂ ಬೀಳುತ್ತದೆಯೇ?

ಬೀಳುವ ಕಾರಣಗಳು

ನಮ್ಮ ಕಡೆ ಕಾರಣಗಳು ಹೆಚ್ಚೇನಿಲ್ಲ. ಮನೆಯ ಕರೆಂಟು ಹೋಗುತ್ತದೆ. ಕಂಬದಿಂದ ಮನೆಗೆ ಬರುವ ಫೈಬರ್ ಎಳೆಯ ಮೇಲೆ ಟೊಂಗೆ ಬೀಳುತ್ತದೆ, ಇಲ್ಲವೇ ಮಂಗ ಜೋತಾಡುತ್ತದೆ. ಟವರ್‌ನ ಬ್ಯಾಟರಿ ಮುಗಿಯುತ್ತದೆ. ಕೊನೆಯದಾಗಿ, ರಸ್ತೆ ಬದಿಯಲ್ಲಿ ಹೂತ ಮುಖ್ಯ ಕೇಬಲ್ ಜೆಸಿಬಿಯ ಬಾಯಿಗೋ ಗುಡ್ಡ ಕುಸಿತಕ್ಕೋ ಸಿಗುತ್ತದೆ.

ಈ ಕೊನೆಯದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಮನೆಯ ಫೈಬರ್ ಹೊರಡುವ ದೂರವಾಣಿ ವಿನಿಮಯ ಕೇಂದ್ರಕ್ಕೂ ಗುಡ್ಡದ ಮೇಲಿನ ಟವರ್‌ಗೂ ಹೊರಜಗತ್ತಿನ ಸಂಪರ್ಕ ಬರುವುದು ಹೆಚ್ಚಾಗಿ ಕೇಬಲ್‌ನಲ್ಲೇ, ಆ ಕೇಬಲ್ ಹಾಯುವುದು ಹೆದ್ದಾರಿ ಮತ್ತು ಘಟ್ಟದ ರಸ್ತೆಗಳ ಪಕ್ಕದಲ್ಲಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಗಿತ್ತು. ದೇವಿಮನೆ, ಅರಬೈಲು ಘಟ್ಟಗಳಲ್ಲೂ ಮಳೆಗಾಲದ ಕಥೆ ಇಂಥದ್ದೇ. ರಸ್ತೆ ಹೋದರೆ ಕೊರಿಯರ್ ಗಾಡಿಯೂ ನಿಲ್ಲುತ್ತದೆ. ಆಗ ಮನೆಯಲ್ಲಿ ಎಷ್ಟು ಲೈನ್ ಇದ್ದರೂ ಮಾಲು ಹೊರಡದು.

ಟವರ್ ವಿಷಯದಲ್ಲಿ ಇನ್ನೊಂದು ಮೋಸವಿದೆ. ಎರಡು ಕಂಪನಿಯ ಸಿಮ್ ಇದ್ದರೆ ಎರಡು ದಾರಿ ಇದ್ದಂತೆ ಎಂದುಕೊಳ್ಳುತ್ತೇವೆ. ಆದರೆ ಹಳ್ಳಿ ಕಡೆಯ ಒಂದೇ ಕಬ್ಬಿಣದ ಗೋಪುರದ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾ ಕೂತಿರುತ್ತವೆ. ಬ್ಯಾಟರಿ, ಡೀಸೆಲ್ ಜನರೇಟರ್ ಎಲ್ಲಕ್ಕೂ ಒಂದೇ ಇರಬಹುದು. ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಜಾಲತಾಣದಲ್ಲಿ ನಿಮ್ಮ ಊರಿನ ಸುತ್ತಲಿನ ಟವರ್‌ಗಳು, ಅವು ಯಾವ ಕಂಪನಿಯವು ಎಂಬುದು ನಕ್ಷೆಯಲ್ಲಿ ಕಾಣುತ್ತದೆ. ಅದಕ್ಕಿಂತ ನಂಬಿಕೆಯದ್ದು ಒಂದು ನೋಟ್‌ಬುಕ್. ಮುಂದಿನ ಸಲ ಹೆಸ್ಕಾಂ ಕರೆಂಟು ಹೋದಾಗ ಹೊತ್ತು ಬರೆದಿಟ್ಟುಕೊಂಡು, 1 ಗಂಟೆ, 2 ಗಂಟೆ, 4 ಗಂಟೆಗೆ ಮನೆಯಲ್ಲಿರುವ ಪ್ರತಿ ಸಿಮ್‌ನ ಸಿಗ್ನಲ್ ನೋಡಿ ಬರೆಯಿರಿ. ಮೂರು ಸಲ ಹೀಗೆ ಮಾಡಿದರೆ ಯಾವ ಎರಡು ಸಿಮ್ ಒಟ್ಟಿಗೇ ಸಾಯುತ್ತವೆ ಎಂಬುದು ಗೊತ್ತಾಗುತ್ತದೆ. ಆ ಜೋಡಿಯನ್ನು ಬಿಟ್ಟು ಬೇರೆ ಆರಿಸಿ.

ಮೊದಲು ಕರೆಂಟು, ಆಮೇಲೆ ಲೈನ್

"ನೆಟ್ ಹೋಯ್ತು" ಎನ್ನುವ ಎಷ್ಟೋ ಹೊತ್ತಿನಲ್ಲಿ ಫೈಬರ್ ಸರಿಯಾಗೇ ಇರುತ್ತದೆ, ಎಳೆ ಬಂದು ಸೇರುವ ಮನೆಯ ಫೈಬರ್ ಡಬ್ಬಿಗೆ (ಮೋಡೆಮ್) ಮಾತ್ರ ಕರೆಂಟಿಲ್ಲ. ಹಾಗಾಗಿ ಮೊದಲ ಖರ್ಚು ಇಲ್ಲಿಗೇ ಆಗಲಿ.

ಸಣ್ಣದು ಮಿನಿ ಯುಪಿಎಸ್, ರೌಟರ್ ಪಕ್ಕ ಇಡುವ ಡಬ್ಬಿ. ಸುಮಾರು 1,200ರಿಂದ 2,000 ರೂಪಾಯಿ. ಅದರ ಮೇಲೆ 8,800 ಎಂಎಎಚ್ ಎಂದು ಬರೆದಿದ್ದರೆ ಆ ಲೆಕ್ಕ ಒಳಗಿನ ಬ್ಯಾಟರಿಯ 3.7 ವೋಲ್ಟ್‌ಗೆ, ರೌಟರ್‌ಗೆ ಹೋಗುವ 12 ವೋಲ್ಟ್‌ಗಲ್ಲ. ಅಂದರೆ ಸುಮಾರು 32 ವ್ಯಾಟ್‌ ಅವರ್ (ಒಂದು ವ್ಯಾಟ್‌ ಅವರ್ ಎಂದರೆ ಒಂದು ವ್ಯಾಟಿನ ಸಾಧನವನ್ನು ಒಂದು ಗಂಟೆ ನಡೆಸುವಷ್ಟು). ವೋಲ್ಟೇಜ್ ಏರಿಸುವಾಗ ಸೋರುವುದನ್ನು ಕಳೆದರೆ ಕೈಗೆ ಸಿಗುವುದು 27ರಷ್ಟು. ವೈಫೈ ಸೇರಿದ ಒಂದೇ ಫೈಬರ್ ಡಬ್ಬಿ 8ರಿಂದ 10 ವ್ಯಾಟ್ ತಿನ್ನುತ್ತದೆ, ಸುಮಾರು 3 ಗಂಟೆ ಬಂತು. ಫೈಬರ್ ಡಬ್ಬಿ ಬೇರೆ, ರೌಟರ್ ಬೇರೆ ಇದ್ದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಪೇಟೆಯ ಕರೆಂಟಿಗೆ ಇಷ್ಟು ಸಾಕು. ಹಳ್ಳಿಗೆ ಸಾಲದು.

ಮಧ್ಯದ ಆಯ್ಕೆ 12.8 ವೋಲ್ಟ್, 6 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುವ ಡಿಸಿ ಯುಪಿಎಸ್. 77 ವ್ಯಾಟ್‌ ಅವರ್ ಹತ್ತಿರ, ಅಂದರೆ ಅದೇ ಡಬ್ಬಿಗೆ 6 ಗಂಟೆ ಗಟ್ಟಿ. ಬೆಲೆ ಹೆಚ್ಚು, ಆದರೆ ವರ್ಷವಿಡೀ ಚಾರ್ಜ್‌ನಲ್ಲೇ ಇಟ್ಟರೂ ಬೇಗ ಉಬ್ಬಿಕೊಳ್ಳುವ ಜಾತಿಯದ್ದಲ್ಲ.

ಮೂರನೆಯದು ಮನೆಯ ಇನ್ವರ್ಟರ್. 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ 1,800 ವ್ಯಾಟ್‌ ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬ್ಯಾಟರಿ ಆಯುಷ್ಯ ತಗ್ಗುತ್ತದೆ. 900 ಎಂದು ಹಿಡಿಯಿರಿ. ಎರಡು ಫ್ಯಾನು, ನಾಲ್ಕು ಬಲ್ಬು ಸೇರಿ 180 ವ್ಯಾಟ್ ಎಳೆದರೆ 5 ಗಂಟೆಗೆ ಮುಗಿಯಿತು. ಫ್ಯಾನೆಲ್ಲ ಆರಿಸಿ ಬರೀ ರೌಟರ್ ಇಟ್ಟರೆ ಒಂದೂವರೆ ದಿನ ನಡೆಯುತ್ತದೆ. ಆಗಲೂ ರೌಟರ್‌ಗಿಂತ ಹೆಚ್ಚು ಕರೆಂಟು ತಿನ್ನುವುದು ಇನ್ವರ್ಟರೇ. ಸುಮ್ಮನೆ ಚಾಲೂ ಇದ್ದರೂ ಅದಕ್ಕೆ 15 ವ್ಯಾಟ್‌ನಷ್ಟು ಬೇಕು.

ಇನ್ವರ್ಟರ್ ಇದೆ, ಆದರೂ ಕರೆಂಟು ಹೋಗಿಬಂದಾಗಲೆಲ್ಲ ವಾಟ್ಸ್‌ಆ್ಯಪ್ ಕಾಲ್ ಕಡಿಯುತ್ತದೆ ಎಂದರೆ ಹಿಂಬದಿಯ ಸ್ವಿಚ್ ನೋಡಿ. ಸಾಮಾನ್ಯ ಮೋಡ್‌ನಲ್ಲಿದ್ದರೆ ಬದಲಾಗುವಷ್ಟರಲ್ಲಿ ಫೈಬರ್ ಡಬ್ಬಿ ಆರಿ ಹೊತ್ತಿಕೊಳ್ಳುತ್ತದೆ, ಮತ್ತೆ ಲೈನ್ ಹಿಡಿಯಲು ಎರಡು ಮೂರು ನಿಮಿಷ. ಗಾಳಿಮಳೆಯ ದಿನ ಗಂಟೆಗೆ ಹತ್ತು ಸಲ ಕರೆಂಟು ಕಣ್ಣುಮುಚ್ಚಾಲೆ ಆಡಿದರೆ ಅರ್ಧ ಗಂಟೆ ಹಾಗೇ ಹೋಯಿತು. ಯುಪಿಎಸ್ ಮೋಡ್‌ಗೆ ಹಾಕಿ. ಇಲ್ಲವಾದರೆ ಇನ್ವರ್ಟರ್ ಲೈನಿನ ಮೇಲೆಯೇ ಒಂದು ಮಿನಿ ಯುಪಿಎಸ್ ಕೂರಿಸಿ. ಉದ್ದ ಕಡಿತಕ್ಕೆ ಇನ್ವರ್ಟರ್, ಕಣ್ಣುಮಿಟುಕಿಗೆ ಮಿನಿ ಯುಪಿಎಸ್. ಬಹಳ ಮನೆಗಳಿಗೆ ಇದೇ ಸರಿಯಾದ ಜೋಡಿ.

ಮಿನಿ ಯುಪಿಎಸ್ ಕೊಳ್ಳುವ ಮುಂಚೆ ಹಳೆಯ ಅಡಾಪ್ಟರ್ ತಿರುಗಿಸಿ ಓದಿ. 12 ವೋಲ್ಟೋ, 9 ವೋಲ್ಟೋ? ಎಷ್ಟು ಆಂಪಿಯರ್? ಪಿನ್ನು ಹೊರಗಿನಿಂದ 5.5 ಮಿ.ಮೀ. ಇದ್ದರೂ ಒಳತೂತು 2.1 ಅಥವಾ 2.5 ಮಿ.ಮೀ. ಇರುತ್ತದೆ. 2.5ರ ಪಿನ್ನನ್ನು 2.1ರ ಸಾಕೆಟ್ಟಿಗೆ ಹಾಕಿದರೆ ಒಳಗೆ ಸಡಿಲ. ಮೇಜು ಅಲ್ಲಾಡಿದಾಗಲೆಲ್ಲ ನೆಟ್ ಹೋಗುತ್ತದೆ, ನೀವು ಕಂಪನಿಗೆ ದೂರು ಕೊಡುತ್ತಿರುತ್ತೀರಿ.

ಫೈಬರ್ ಇರಲಿ, ಆದರೆ ಅದರ ದೀಪ ಓದಲು ಬರಲಿ

ಮೊದಲ ಲೈನ್ ಆಗಿ ಫೈಬರ್‌ಗೆ ಸಾಟಿ ಇಲ್ಲ, ಸಿಗುವ ಕಡೆ. ಬಿಎಸ್‌ಎನ್‌ಎಲ್ ಫೈಬರ್ ಇರಲಿ, ಬೇರೆ ಕಂಪನಿಯದ್ದಿರಲಿ, ಹಳ್ಳಿಯಲ್ಲಿ ಅದನ್ನು ಮನೆವರೆಗೆ ತರುವವರು ಹೆಚ್ಚಾಗಿ ಊರಿನ ಕೇಬಲ್‌ನವರೇ. ಎರಡು ಕಂಪನಿಗಳಲ್ಲಿ ಯಾವುದು ಎಂಬ ಪ್ರಶ್ನೆ ಬಂದರೆ, ಕಂಪನಿಯ ಹೆಸರಿಗಿಂತ ಕೇಬಲ್ ಜೋಡಿಸುವ ಯಂತ್ರ ಯಾರ ಹತ್ತಿರ ಇದೆ, ಆತ ನಿಮ್ಮ ಊರಿನಿಂದ ಎಷ್ಟು ಕಿಲೋಮೀಟರ್ ದೂರದಲ್ಲಿದ್ದಾನೆ ಎಂದು ವಿಚಾರಿಸಿ. ರಿಪೇರಿ ಎಷ್ಟು ದಿನಕ್ಕೆ ಆಗುತ್ತದೆ ಎಂಬುದು ಅದರ ಮೇಲೆಯೇ ನಿಂತಿದೆ.

ಡಬ್ಬಿಯಲ್ಲಿ ಪಾನ್ (PON) ಎಂದು ಬರೆದ ದೀಪ ಹಸಿರಾಗಿ ನಿಂತಿದ್ದು ಎಲ್‌ಒಎಸ್ (LOS) ಎಂದು ಬರೆದ ದೀಪ ಆರಿದ್ದರೆ ಎಳೆ ಸರಿ ಇದೆ. ಎಲ್‌ಒಎಸ್ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ: ಎಳೆ ಕಡಿದಿದೆ, ಇಲ್ಲವೇ ಆ ತುದಿಯ ಯಂತ್ರಕ್ಕೆ ಕರೆಂಟಿಲ್ಲ. ಪಕ್ಕದ ಮನೆಯ ಡಬ್ಬಿಯೂ ಕೆಂಪಾಗಿದ್ದರೆ ನಿಮ್ಮ ಎಳೆಯಲ್ಲ, ಮೇಲಿನದ್ದೇ ಹೋಗಿದೆ. ಪಾನ್ ಹಸಿರಿದ್ದು ಇಂಟರ್‌ನೆಟ್ ದೀಪ ಮಾತ್ರ ಇಲ್ಲದಿದ್ದರೆ ತೊಂದರೆ ಇನ್ನೂ ದೂರದ್ದು ಅಥವಾ ಬಿಲ್ಲಿನದ್ದು. ದೂರು ಕೊಡುವಾಗ "ನೆಟ್ ಇಲ್ಲ" ಎನ್ನುವ ಬದಲು "ಎಲ್‌ಒಎಸ್ ಕೆಂಪಿದೆ, ಅಡಾಪ್ಟರ್ ಸರಿ ಇದೆ" ಎಂದರೆ ಲೈನ್‌ಮ್ಯಾನ್ ಬರುವಾಗಲೇ ಕೇಬಲ್ ಸುರುಳಿ ತರುತ್ತಾನೆ, ಒಂದು ಸುತ್ತು ಉಳಿಯಿತು.

ಬ್ರೌಸರ್‌ನಲ್ಲಿ ತೆರೆಯುವ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ಇರುತ್ತದೆ, ಎಳೆಯಲ್ಲಿ ಬರುವ ಬೆಳಕಿನ ಬಲ ಅದು. ಹಾಕಿಸಿದ ದಿನವೇ ಬರೆದಿಟ್ಟುಕೊಳ್ಳಿ. ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬಲ ಕಡಿಮೆ. ಮೈನಸ್ 20 ಡಿಬಿಎಂ ಹತ್ತಿರ ಇದ್ದರೆ ಚೆನ್ನ, ಮೈನಸ್ 27 ದಾಟಿದರೆ ಲೈನ್ ನಿಲ್ಲದು. ಬೇಸಿಗೆಯಲ್ಲಿ ಮೈನಸ್ 20 ಇದ್ದದ್ದು ಮಳೆ ಹಿಡಿದ ಮೇಲೆ ಮೈನಸ್ 25ಕ್ಕೆ ಇಳಿದರೆ ಎಲ್ಲೋ ಜೋಡಣೆಯ ಡಬ್ಬಿಗೆ ನೀರಿಳಿದಿದೆ, ಇಲ್ಲವೇ ಎಳೆ ಮಡಚಿಕೊಂಡಿದೆ. ಪೂರ್ತಿ ಕಡಿಯುವ ಮುಂಚೆಯೇ ಕರೆಸಿ. ಜಗಲಿಯ ಮೂಲೆಯಲ್ಲಿ ಎಳೆಯನ್ನು 90 ಡಿಗ್ರಿಗೆ ಬಗ್ಗಿಸಿ ಮೊಳೆ ಹೊಡೆದದ್ದು ಎಷ್ಟೋ ಮನೆಗಳಲ್ಲಿದೆ. ಬಾಗು ಒಂದು ಲೋಟದ ಬಾಯಿಯಷ್ಟಾದರೂ ಅಗಲ ಇರಬೇಕು.

ಮಂಗನ ಸಂಗತಿ ನಗೆಯದ್ದಲ್ಲ. ಮನೆಗೆ ಬರುವ ಎಳೆ ಹಲಸಿನ ಮರದಿಂದ ಹೆಂಚಿನ ಮಾಡಿಗೆ ಹಾರುವ ದಾರಿಯಲ್ಲೇ ಇದ್ದರೆ ಅವು ಅದನ್ನೇ ಸೇತುವೆ ಮಾಡಿಕೊಳ್ಳುತ್ತವೆ. ಒಂದೇ ಸಲಕ್ಕೆ ಕಡಿಯುವುದಿಲ್ಲ. ಕಂಬದ ತುದಿಯ ಹಿಡಿಕೆಯಿಂದ ಸ್ವಲ್ಪ ಸ್ವಲ್ಪವೇ ಜಾರಿ, ಒಳಗಿನ ಗಾಜಿನ ಎಳೆಯ ಮೇಲೆ ಭಾರ ಬಿದ್ದು, ಒಂದು ದಿನ ಬೆಳಕು ನಿಲ್ಲುತ್ತದೆ. ಮರದಿಂದ ದೂರದ ಕಂಬದಿಂದ ಎಳೆಸಿ, ಅಥವಾ ಕೊನೆಯ ಹತ್ತಿಪ್ಪತ್ತು ಮೀಟರನ್ನು ನೀರಿನ ಪೈಪಿನೊಳಗೆ ನೆಲದಡಿ ಹಾಯಿಸಿ. ಕಂಬದ ಬುಡದಲ್ಲಿ 5 ಮೀಟರ್ ಹೆಚ್ಚುವರಿ ಸುರುಳಿ ಬಿಡಲು ಹೇಳಿ. ಕಡಿದಾಗ ಹೊಸ ಕೇಬಲ್ ಹುಡುಕದೆ ಎಳೆದು ಜೋಡಿಸಬಹುದು.

ಎರಡನೇ ಲೈನಿನ ಪೈಪೋಟಿ

ಇನ್ನೊಂದು ಕಂಪನಿಯ ಫೈಬರ್ ಹಾಕಿಸುವುದು ನೋಡಲು ಸುಲಭ. ಆದರೆ ಎರಡೂ ಒಂದೇ ಕಂಬದ ಸಾಲಿನಲ್ಲಿ ಬಂದರೆ ಒಂದೇ ಮರ ಎರಡನ್ನೂ ಕೆಡವುತ್ತದೆ. ಒಂದು ಮುಂಬಾಗಿಲ ರಸ್ತೆಯಿಂದ, ಇನ್ನೊಂದು ಹಿತ್ತಿಲ ದಾರಿಯಿಂದ ಬರುವ ಪೇಟೆ ಮನೆಗೆ ಮಾತ್ರ ಇದು ಸರಿ.

5ಜಿ ಏರ್‌ಫೈಬರ್ ವೇಗದ್ದು, ಮಾಡಿನ ಮೇಲೆ ಡಬ್ಬಿ ಕೂರಿಸಿ ಹೋಗುತ್ತಾರೆ. ಅದರ ನಿಜವಾದ ವೇಗ 3500 ಮೆಗಾಹರ್ಟ್ಸ್ ತರಂಗದ್ದು. ಆ ತರಂಗ ದೂರ ಹೋಗದು, ತೋಯ್ದ ಎಲೆಯನ್ನು ದಾಟದು. ಟವರ್ ಕಣ್ಣಿಗೆ ಕಾಣುವ ಪೇಟೆ ಮನೆಗೆ ಸೈ, ಅಡಿಕೆ ತೋಟದ ತಗ್ಗಿನ ಮನೆಗೆ ಬೇಡ.

ಉಳಿಯುವುದು 4ಜಿ. ಇಲ್ಲಿ ತರಂಗದ ಸಂಖ್ಯೆಯೇ ಮುಖ್ಯ. ಸಂಖ್ಯೆ ಸಣ್ಣದಾದಷ್ಟೂ ಕಾಡು, ಗುಡ್ಡ ದಾಟುವ ಶಕ್ತಿ ಹೆಚ್ಚು. ಬಿಎಸ್‌ಎನ್‌ಎಲ್ 4ಜಿಗೆ 700, ಜಿಯೋಗೆ 850, ಏರ್‌ಟೆಲ್‌ಗೆ 900 ಮೆಗಾಹರ್ಟ್ಸ್ ಇದೆ. 2300 ಮೆಗಾಹರ್ಟ್ಸ್ ತರಂಗ ಪೇಟೆಯಲ್ಲಿ ವೇಗ ಕೊಡುತ್ತದೆ, ಮಳೆಯಲ್ಲಿ ತೋಟದಾಚೆ ಸೊರಗುತ್ತದೆ. ರೌಟರ್ ಕೊಳ್ಳುವಾಗ ಡಬ್ಬದ ಮೇಲೆ ಬ್ಯಾಂಡ್ 5, 8, 28 (ಕ್ರಮವಾಗಿ 850, 900, 700ರ ತರಂಗ) ಇವೆಯೇ ನೋಡಿ. ಬಿಎಸ್‌ಎನ್‌ಎಲ್ ಸಿಮ್ ಹಾಕುವುದಾದರೆ 28 ಇರಲೇಬೇಕು. ಅಗ್ಗದ ರೌಟರ್‌ಗಳಲ್ಲಿ ಹಲವು ಸಲ ಇದೇ ಇರುವುದಿಲ್ಲ.

ಫೋನಿನ ಹಾಟ್‌ಸ್ಪಾಟ್ ಪುಕ್ಕಟೆ. ಆದರೆ ನೆಟ್‌ವರ್ಕ್ ಸಿಗುವ ಜಾಗ ಅಟ್ಟದ ಕಿಟಕಿಯಾದರೆ, ಫೋನು ಅಲ್ಲಿ, ಗಿರಾಕಿಯ ಕರೆ ಅದಕ್ಕೇ, ನೀವು ಕೆಳಗೆ ಪ್ಯಾಕಿಂಗ್‌ನಲ್ಲಿ. ದಿನಕ್ಕೆ ಐದಾರು ಆರ್ಡರ್ ಇರುವವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಸುಮಾರು 2,500ರಿಂದ 4,000 ರೂಪಾಯಿಯ ಸಿಮ್ ರೌಟರ್ ತಂದು ಅದನ್ನು ಕಿಟಕಿಯಲ್ಲಿಡಿ.

ಕಿಟಕಿಯಲ್ಲೂ ಸಿಗ್ನಲ್ ಮೈನಸ್ 110 ಡಿಬಿಎಂಗಿಂತ ಕೆಳಗಿದ್ದರೆ ಹೊರಗಿನ ಆಂಟೆನಾ ಬೇಕು. ಅಂಕಿ ಸಿಗುವುದು ಆಂಡ್ರಾಯ್ಡ್ ಫೋನಿನ ಸಿಮ್ ಸ್ಟೇಟಸ್ ಪುಟದಲ್ಲಿ. ಮೈನಸ್ 100ರೊಳಗೆ ಇದ್ದರೆ ನಿಶ್ಚಿಂತೆ. ಇಲ್ಲಿ ಜನ ಮಾಡುವ ತಪ್ಪು, ಆಂಟೆನಾವನ್ನು ಎತ್ತರದ ಪೈಪಿಗೆ ಕಟ್ಟಿ 15 ಮೀಟರ್ ತೆಳು ಕೇಬಲ್ ಇಳಿಸುವುದು. ಆಂಟೆನಾ ಗಳಿಸಿದ್ದನ್ನೆಲ್ಲ ಆ ಕೇಬಲ್ ನುಂಗುತ್ತದೆ. ಹೊರಗೇ ಇಡುವ ಮಾದರಿಯ 4ಜಿ ಡಬ್ಬಿ ಸಿಗುತ್ತದೆ; ಅದರಿಂದ ಒಳಗೆ ಬರುವುದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಅದರಲ್ಲೇ ಕರೆಂಟೂ ಹೋಗುತ್ತದೆ, 100 ಮೀಟರ್ ದೂರವಿದ್ದರೂ ಸಿಗ್ನಲ್ ತಗ್ಗದು. ತೋಟದ ಮನೆಗೆ ನಮ್ಮ ಮತ ಇದಕ್ಕೇ. ಆನ್‌ಲೈನಿನಲ್ಲಿ ಸಿಗುವ ಮೊಬೈಲ್ ಬೂಸ್ಟರ್ ಮಾತ್ರ ಬೇಡ: ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನುಬಾಹಿರ, ಮೇಲಾಗಿ ಇಡೀ ಊರಿನ ಸಿಗ್ನಲ್ ಕೆಡಿಸುತ್ತದೆ.

ಲೈನ್ ತಾನಾಗಿ ಬದಲಾಗುವ ಎರಡು ದಾರಿಯ ರೌಟರ್ ಬೇಕೇ? ದಿನವಿಡೀ ಲೈವ್ ಮಾರಾಟ ಮಾಡುವವರಿಗೆ ಬೇಕು, ಉಳಿದವರು ಫೋನಿನಲ್ಲಿ ವೈಫೈ ಹೆಸರು ಬದಲಿಸಿಕೊಂಡರೆ ಆಯಿತು. ಕೊಂಡರೆ ಒಂದು ಸೆಟ್ಟಿಂಗ್ ಮರೆಯಬೇಡಿ. ಫೈಬರ್ ಕಡಿದರೂ ಫೈಬರ್ ಡಬ್ಬಿಗೂ ರೌಟರ್‌ಗೂ ನಡುವಿನ ತಂತಿ ಜೀವಂತ. ರೌಟರ್ "ಎಲ್ಲ ಸರಿ ಇದೆ" ಎಂದು ಸುಮ್ಮನಿರುತ್ತದೆ. ಆನ್‌ಲೈನ್ ಡಿಟೆಕ್ಷನ್ ಎಂಬಲ್ಲಿ 8.8.8.8ರಂಥ (ಇದು ಗೂಗಲ್‌ನದ್ದು) ಹೊರಗಿನ ವಿಳಾಸ ಹಾಕಿ, ಅದು ಉತ್ತರಿಸದಿದ್ದರೆ ಲೈನ್ ಬದಲಿಸು ಎಂದು ಹೇಳಿಕೊಡಬೇಕು.

ಒಟಿಪಿ, ಕರೆ, ಹಣ

ನೆಟ್ ಇದ್ದೂ ವ್ಯಾಪಾರ ನಿಲ್ಲುವುದು ಇಲ್ಲಿ. ಟವರ್ ಮಲಗಿದೆ, ಫೈಬರ್ ಇದೆ, ಆದರೆ ಬ್ಯಾಂಕಿನ ಒಟಿಪಿ ಬರುತ್ತಿಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಹಾಕಿಡಿ. ನಿಮ್ಮ ಸಿಮ್‌ಗೂ ಫೋನಿಗೂ ಆ ಸೌಲಭ್ಯ ಇದ್ದರೆ ಕರೆ, ಎಸ್ಸೆಮ್ಮೆಸ್ ಎರಡೂ ಫೈಬರ್ ಮೂಲಕ ಬರುತ್ತವೆ. ಮಾರಾಟ ತಾಣದ ಲಾಗಿನ್‌ಗೆ ಎಸ್ಸೆಮ್ಮೆಸ್ ಬದಲು ಅಥೆಂಟಿಕೇಟರ್ ಆ್ಯಪ್ ಜೋಡಿಸಿ. ಅದು ಗಡಿಯಾರದ ಲೆಕ್ಕದಲ್ಲಿ ಫೋನಿನೊಳಗೇ ಅಂಕಿ ಕೊಡುತ್ತದೆ, ಯಾವ ಸಿಗ್ನಲ್ಲೂ ಬೇಡ. ಬ್ಯಾಂಕಿಗೆ ಕೊಟ್ಟ ನಂಬರು ಮನೆಯಲ್ಲಿ ಕೊನೆಯವರೆಗೆ ಬದುಕುವ ಸಿಮ್‌ನದ್ದಾಗಿರಲಿ. ನೋಟ್‌ಬುಕ್ ಬರೆದದ್ದು ಇದಕ್ಕೂ ಬಂತು. ಒಟಿಪಿಗೆ ಮಾತ್ರ ಇಟ್ಟ ಸಿಮ್‌ಗೆ ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ರೀಚಾರ್ಜ್ ಸಾಕು.

ನೆಟ್‌ವರ್ಕ್ ಆಯ್ಕೆಯನ್ನು "ಆಟೋಮ್ಯಾಟಿಕ್" ಮೇಲೆ ಬಿಡಿ. 2025ರ ಜನವರಿಯಲ್ಲಿ ಶುರುವಾದ ವ್ಯವಸ್ಥೆಯಂತೆ, ಹಳ್ಳಿಗಳ ದೂರಸಂಪರ್ಕಕ್ಕೆಂದು ಕೇಂದ್ರ ಸರ್ಕಾರ ಇಟ್ಟ ಡಿಜಿಟಲ್ ಭಾರತ್ ನಿಧಿಯ ಹಣದಿಂದ ನಿಂತ 4ಜಿ ಟವರ್‌ಗಳಲ್ಲಿ ಒಂದು ಕಂಪನಿಯ ಸಿಮ್ ಇನ್ನೊಂದರ ಜಾಲ ಹಿಡಿಯಬಹುದು. ಕೈಯಿಂದ ಆರಿಸಿಟ್ಟ ಫೋನಿಗೆ ಅದು ಸಿಗದು.

ವಾಟ್ಸ್‌ಆ್ಯಪ್ ಬಿಸಿನೆಸ್‌ನ "ಈಗ ಲಭ್ಯವಿಲ್ಲ" ಸಂದೇಶವನ್ನು ನಂಬಿ ಕೂರಬೇಡಿ. ಅದು ಹೋಗುವುದು ನಿಮ್ಮ ಫೋನಿಗೆ ಇಂಟರ್‌ನೆಟ್ ಇದ್ದಾಗ ಮಾತ್ರ. ಲೈನ್ ಬಿದ್ದಾಗ ಗಿರಾಕಿಗೆ ಕಾಣುವುದು ಒಂದೇ ಟಿಕ್. ಮಳೆಗಾಲವಿಡೀ ಪ್ರೊಫೈಲ್‌ನಲ್ಲೇ "ಉತ್ತರ 24 ಗಂಟೆಯೊಳಗೆ" ಎಂದು ಬರೆದಿಡುವುದು ಲೇಸು. ಇನ್ನೊಂದು ಉಪಾಯ: ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇರುವ ಮಗಳ ಅಥವಾ ತಮ್ಮನ ಕಂಪ್ಯೂಟರಿಗೆ ನಿಮ್ಮ ಖಾತೆ ಜೋಡಿಸಿಡಿ. ನಾಲ್ಕು ಸಾಧನದವರೆಗೆ ಜೋಡಿಸಬಹುದು, ನಿಮ್ಮ ಫೋನು ಆಫ್‌ಲೈನ್ ಇದ್ದರೂ 14 ದಿನ ಅವು ನಡೆಯುತ್ತವೆ. ಖರ್ಚಿಲ್ಲದ ಎರಡನೇ ಲೈನ್ ಎಂದರೆ ಇದೇ, ಮತ್ತು ಅದಕ್ಕೆ ಶಿರೂರಿನ ಗುಡ್ಡದ ಹಂಗಿಲ್ಲ.

ಕರೆ ವರ್ಗಾವಣೆಯನ್ನು ಫೋನಿನ ಕಾಲ್ ಸೆಟ್ಟಿಂಗ್‌ನಲ್ಲಿ "ಸಂಪರ್ಕಕ್ಕೆ ಸಿಗದಾಗ" ಎಂಬಲ್ಲಿ ಮೊದಲೇ ಹಾಕಿಡಬೇಕು. ಟವರ್ ಹೋದ ಮೇಲೆ ಹಾಕಲಾಗದು. ಯಾರೋ ಕರೆ ಮಾಡಿ "ಈ ಕೋಡ್ ಒತ್ತಿ" ಎಂದರೆ ಒತ್ತಬೇಡಿ, ಅದು ನಿಮ್ಮ ಒಟಿಪಿ ಕದಿಯುವ ದಾರಿ.

ಹಣ ಬರುವುದಕ್ಕೆ ನಿಮ್ಮ ಕಡೆ ನೆಟ್ ಬೇಕಿಲ್ಲ, ಕ್ಯುಆರ್‌ಗೆ ಗಿರಾಕಿ ಕಳಿಸಿದ್ದು ಖಾತೆಗೆ ಬೀಳುತ್ತದೆ. ನಿಮಗೆ ತಿಳಿಯುವುದಷ್ಟೇ ತಡ. ಆ ತಡದಲ್ಲೇ ನಕಲಿ ಸ್ಕ್ರೀನ್‌ಶಾಟ್‌ಗಳು ಬರುವುದು. ಬ್ಯಾಂಕಿನ ಎಸ್ಸೆಮ್ಮೆಸ್ ಅಥವಾ ಮಿಸ್ಡ್ ಕಾಲ್ ಬ್ಯಾಲೆನ್ಸ್ ನೋಡದೆ ಪಾರ್ಸೆಲ್ ಕಟ್ಟಬೇಡಿ. ನೀವೇ ಹಣ ಕಳಿಸಬೇಕಿದ್ದರೆ ಫೋನಿನಲ್ಲಿ ಒತ್ತುವ *99# ಯುಪಿಐ ಸೇವೆ ಇದೆ, ಒಂದು ಸಲಕ್ಕೆ 5,000 ರೂಪಾಯಿವರೆಗೆ, ಇಂಟರ್‌ನೆಟ್ ಬೇಡ. ಆದರೆ ಟವರ್ ಬೇಕು, ಜಿಯೋ ಸಿಮ್‌ನಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ.

ಸಿಡಿಲು, ಉಪ್ಪುಗಾಳಿ

ಘಟ್ಟದ ಮೇಲೆ ಸಿಡಿಲಿನ ಕಾಟ ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ. ಗಾಜಿನ ಎಳೆಯಲ್ಲಿ ಸಿಡಿಲು ಬಾರದು, ಬರುವುದು ಅಡಾಪ್ಟರ್ ಮೂಲಕ ಮತ್ತು ಹೊರಗಿನ ಡಬ್ಬಿಯಿಂದ ಒಳಬರುವ ಕ್ಯಾಟ್ 6 ತಂತಿಯ ಮೂಲಕ. ಗುಡುಗು ಕೇಳಿದ ಕೂಡಲೇ ಎರಡನ್ನೂ ಕೀಳಿ. ಡಿಸಿ ಯುಪಿಎಸ್ ಇದ್ದರೆ ಅದರ ಗೋಡೆಯ ಪ್ಲಗ್ ಕಿತ್ತರೂ ನೆಟ್ ನಡೆಯುತ್ತದೆ. ಸರ್ಜ್ ರಕ್ಷಕ ಹಾಕಿಸಿದರೆ ಅರ್ಥಿಂಗ್ ಅಳೆಸಿ. ಚಿರೆಕಲ್ಲಿನ ನೆಲದಲ್ಲಿ ಒಂದು ಸರಳು ಹುಗಿದರೆ ಸಾಲದು, ಒಣಗಿದಾಗ ಆ ಕಲ್ಲು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ಕಾರವಾರ, ಗೋಕರ್ಣ, ಹೊನ್ನಾವರದ ಕಡೆ ಶತ್ರು ಉಪ್ಪುಗಾಳಿ. ನೆಟ್‌ವರ್ಕ್ ಕೇಬಲಿನ ತುದಿ ಕಿತ್ತು ನೋಡಿದರೆ ಬಂಗಾರದ ಬಣ್ಣದ ಎಂಟು ಗೆರೆಗಳ ಮೇಲೆ ಹಸಿರು ಪುಡಿ ಕೂತಿರುತ್ತದೆ. ಹೊರಗಿನ ಪ್ರತಿ ಜೋಡಣೆಗೆ ತಾನಾಗಿ ಅಂಟಿ ಒಂದಾಗುವ ರಬ್ಬರ್ ಟೇಪ್ ಸುತ್ತಿ, ಕ್ಲ್ಯಾಂಪು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ, ಕೇಬಲ್ ಒಳಬರುವ ಮುಂಚೆ ಕೆಳಕ್ಕೊಂದು ಬಾಗು ಕೊಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಯಾವ ಮನೆಗೆ ಯಾವ ಜೋಡಿ

ಶಿರಸಿ, ಕಾರವಾರ, ಕುಮಟಾ ಪೇಟೆಯ ಮನೆಗೆ ಫೈಬರ್, ಮಿನಿ ಯುಪಿಎಸ್, ಬೇರೆ ಟವರಿನ ಸಿಮ್ಮಿನ ಹಾಟ್‌ಸ್ಪಾಟ್ ಸಾಕು. ಹೆದ್ದಾರಿ ಬದಿಯ ಕರಾವಳಿ ಹಳ್ಳಿಗೆ ಫೈಬರ್, ಲಿಥಿಯಂ ಡಿಸಿ ಯುಪಿಎಸ್, ಕಿಟಕಿಯ ಸಿಮ್ ರೌಟರ್. ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದ ಮನೆಗೆ ಇನ್ವರ್ಟರ್ ಜೊತೆ ಮಿನಿ ಯುಪಿಎಸ್, ಹೊರಗಿನ 4ಜಿ ಡಬ್ಬಿ, ವೈಫೈ ಕಾಲಿಂಗ್, ಪೇಟೆಯಲ್ಲಿರುವ ನೆಂಟರ ಕಂಪ್ಯೂಟರಿನಲ್ಲಿ ಜೋಡಿಸಿದ ವಾಟ್ಸ್‌ಆ್ಯಪ್. ಜೋಯಿಡಾ ಕಾಡಿನೊಳಗೆ ಯಾವ ಸಿಗ್ನಲ್ಲೂ ಇಲ್ಲದ ಮನೆಯಾದರೆ ಎರಡನೇ ಲೈನಿಗೆ ದುಡ್ಡು ಸುರಿಯಬೇಡಿ. ಮಾರಾಟ ತಾಣದಲ್ಲಿ ರವಾನೆಯ ಗಡುವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೂರು ದಿನ ಹಿಗ್ಗಿಸಿಡಿ.

ಮೇ ತಿಂಗಳ ಒಂದು ಒಣ ದಿನ ಮೇನ್ ಸ್ವಿಚ್ ಇಳಿಸಿ, ಫೈಬರಿನ ಹಸಿರು ತುದಿಯನ್ನು ಮೆಲ್ಲಗೆ ಕಿತ್ತು, ಅದಕ್ಕೂ ಡಬ್ಬಿಗೂ ಮುಚ್ಚಳ ಹಾಕಿ, ಒಂದು ಆರ್ಡರನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಿ ನೋಡಿ: ಸಂದೇಶ, ಹಣ, ಒಟಿಪಿ, ಲೇಬಲ್, ಕೊರಿಯರ್ ಕರೆ. ಎಷ್ಟೋ ಸಲ ನೆಟ್ ನಡೆಯುತ್ತದೆ, ಲೇಬಲ್ ಪ್ರಿಂಟರ್ ಸಾಯುತ್ತದೆ, ಏಕೆಂದರೆ ಅದರ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರುವುದಿಲ್ಲ. ಕಳಿಸುವವರ ವಿಳಾಸ ಮುದ್ರಿಸಿದ ಐವತ್ತು ಸ್ಟಿಕರ್ ಮತ್ತು ಒಂದು ಮಾರ್ಕರ್ ಪೆನ್ನನ್ನು ಪ್ಯಾಕಿಂಗ್ ಟೇಪಿನ ಡಬ್ಬಿಯಲ್ಲೇ ಇಟ್ಟಿರಿ.